ಸೂಜಿ ಮುಟ್ಟದ ಚಡ್ಡಿ

ಗಂಡಸರು ಒಳಚಡ್ಡಿ ಹೊಲಿಸಲು ಬಂದಾಗ ಮುಖವನ್ನು ರಸ್ತೆಯ ಕಡೆ ತಿರುಗಿಸಿ ನಿಲ್ಲುತ್ತಾರೆ. ಬೈಲಹೊಂಗಲದ ಬಜಾರಿನಲ್ಲಿರುವ ನನ್ನ ಅಂಗಡಿಯಲ್ಲಿ ಇದನ್ನು ನೋಡಿ ನೋಡಿ ನನಗೆ ನಗು ಬರುವುದೂ ನಿಂತಿದೆ. ಗರಡಿಯ ಪೈಲ್ವಾನರೇ ಇರಲಿ, ಎತ್ತಿನ ಗಾಡಿ ಹೊಡೆಯುವವರೇ ಇರಲಿ, "ಹೋದ ಸಲ ಹೊಲದಿದ್ರಲ್ಲ, ಅಂಥಾದ್ದ" ಎಂದು ಗೋಡೆಗೆ ಹೇಳಿ ಹೋಗುತ್ತಾರೆ. ಅಳತೆಗೆ ಹಳೆಯ ಚಡ್ಡಿಯನ್ನೋ ಹೆಂಡತಿಯನ್ನೋ ಕಳಿಸುತ್ತಾರೆ.

ಈ ಸಲ ಹೆಂಡತಿ ಬಂದಿದ್ದರು, ಸರ್ಕಾರಿ ಬಸ್ಸಿನ ಡ್ರೈವರೊಬ್ಬರ ಹೆಂಡತಿ. ಬ್ಲೌಸಿನ ಗಿರಾಕಿಗಳು ಹೋಗುವ ತನಕ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದು, ಅಂಗಡಿ ಖಾಲಿಯಾದ ಮೇಲೆ ಮಶೀನಿನ ಹತ್ತಿರ ಬಂದರು.

"ನಮ್ಮನಿಯವರಿಗೆ ಒಳಗ ಹಾಕ್ಕೊಳ್ಳೋದು ಬೇಕಾಗಿತ್ರಿ. ರೇಷ್ಮಿದು."

"ರೇಷ್ಮಿ ಚಡ್ಡಿ? ಯಾವ ಮಹಾರಾಜರಿಗ್ರಿ ಅಕ್ಕಾರ?" ಎಂದೆ ನಾನು.

ಅವರು ನಗಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡರು. ನಾನು ನಾಲಿಗೆ ಕಚ್ಚಿಕೊಂಡು, ಕತ್ತರಿ ಕೆಳಗಿಟ್ಟು, ಸ್ಟೂಲನ್ನು ಮತ್ತೆ ಅವರ ಕಡೆ ಸರಿಸಿದೆ.

ಅವರದು ಪೂಜೆಯ ಮನೆತನ. ಕಿತ್ತೂರಿನಿಂದ ಆಚೆಯ ಒಂದು ಸಣ್ಣ ಊರಿನಲ್ಲಿ ಹಿರಿಯರು ನಡೆಸಿಕೊಂಡು ಬಂದ ನರಸಿಂಹ ದೇವರ ಗುಡಿಯಿದೆ. ಈಗ ಎಲ್ಲರೂ ಒಂದೊಂದು ನೌಕರಿ ಹಿಡಿದು ಚದುರಿದ್ದಾರೆ. ಆದರೂ ವೈಶಾಖದ ಪೂಜೆಗೆ ಅಣ್ಣತಮ್ಮಂದಿರ ಮನೆಗಳ ನಡುವೆ ಪಾಳಿ ಇದೆ. ಪಾಳಿ ಬಂದ ಮನೆಯವರು ಆ ದಿನಗಳಲ್ಲೆಲ್ಲ ಗರ್ಭಗುಡಿಯಲ್ಲಿ ಕೂತು ಅಭಿಷೇಕ ಮಾಡಬೇಕು, ನಡುವೆ ಏಳುವಂತಿಲ್ಲ. ಹೋದ ಪಾಳಿಯಲ್ಲಿ ಡ್ರೈವರು ನಡುವೆಯೇ ಎದ್ದು ಹೊರಗೆ ಓಡಿದ್ದರು. ತೊಡೆಸಂದಿಯಲ್ಲಿ ಗಜಕರ್ಣ ಹಬ್ಬಿ ಚರ್ಮ ಸುಲಿದಿತ್ತು, ಕಾಲು ಮಡಚಿ ಕೂತರೆ ಬೆಂಕಿ ಇಟ್ಟಂತಾಗುತ್ತಿತ್ತು. ಊರಿಗೆ ಅಷ್ಟು ಸಾಕಾಯಿತು. ಕೆಟ್ಟ ರೋಗ ಹತ್ತಿದೆ ಎಂದು ಕೆಲವರು ಅಂದರೆ, ದೇವರೇ ಎಬ್ಬಿಸಿ ಹೊರಗೆ ಹಾಕಿದ ಎಂದು ಉಳಿದವರು ಅಂದರು. ಈ ಸಲವೂ ಎದ್ದರೆ ಪಾಳಿ ಆ ಮನೆಯ ಕೈಬಿಟ್ಟು ಹೋಗುತ್ತದೆ ಎಂದು ಮನೆತನದ ಹಿರಿಯರು, ಅಂದರೆ ಡ್ರೈವರ ಅಪ್ಪನ ತಮ್ಮ ಕಾಕಾ, ಹೇಳಿಬಿಟ್ಟಿದ್ದರು.

ಚರ್ಮದ ಡಾಕ್ಟರು ಮುಲಾಮು, ಗುಳಿಗೆ ಕೊಟ್ಟು, ಸಡಿಲವಾದ ಹತ್ತಿಯ ಬಟ್ಟೆಯನ್ನೇ ಹಾಕಬೇಕು ಎಂದು ತಾಕೀತು ಮಾಡಿದ್ದರು. ಆದರೆ ಗುಡಿಯಲ್ಲೂ ಮನೆಯ ದಿನದ ಪೂಜೆಯಲ್ಲೂ ಮೇಲೆ ರೇಷ್ಮೆಯ ಪಂಚೆ, ಒಳಗೆ ರೇಷ್ಮೆಯ ಲಂಗೋಟಿ. ಹತ್ತಿಯಾದರೆ ದಿನವೂ ಒಗೆದು, ಯಾರೂ ಮುಟ್ಟದ ಕಡೆ ಒಣಗಿಸಿ ಉಟ್ಟರೆ ಮಾತ್ರ ಮಡಿ. ರೇಷ್ಮೆಗೆ ಆ ರಗಳೆಯಿಲ್ಲ, ಬಿಚ್ಚಿ ಗಿಳಿಗೂಟಕ್ಕೆ ಹಾಕಿ ಮರುದಿನ ಉಟ್ಟರೂ ಮಡಿಯೇ. ಡ್ರೈವರದು ಅತ್ತ ದರಿ ಇತ್ತ ಪುಲಿ. ಅಷ್ಟರಲ್ಲಿ ಹೆಂಡತಿ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದರು. ರೇಷ್ಮೆಯ ಒಳಚಡ್ಡಿ ಚರ್ಮಕ್ಕೆ ತಂಪು, ಉಜ್ಜುವುದಿಲ್ಲ ಎಂದು ಅದರಲ್ಲಿ ಯಾರೋ ಹೇಳಿದ್ದರಂತೆ. ಲಂಗೋಟಿಯ ಬದಲು ಸಡಿಲವಾದ ರೇಷ್ಮೆಯ ಚಡ್ಡಿಯಾದರೆ ಡಾಕ್ಟರೂ ಕಾಕಾನೂ ಇಬ್ಬರೂ ಸುಮ್ಮನಾದಾರು ಎಂಬುದು ಅವರ ಆಸೆ.

ಸಂಜೆ ಡ್ಯೂಟಿ ಮುಗಿಸಿಕೊಂಡು ಡ್ರೈವರು ತಾವೇ ಬಂದರು. ಸ್ಥೂಲ ದೇಹದ, ಮೆತ್ತಗಿನ ಮಾತಿನ ಮನುಷ್ಯ. ಕಾಲು ಅಗಲಿಸಿಕೊಂಡು ನಡೆಯುತ್ತಿದ್ದರು. ಮುಖವನ್ನು ರಸ್ತೆಯ ಕಡೆ ತಿರುಗಿಸಲಿಲ್ಲ, ಅದೇ ನನಗೆ ಮೊದಲು ಹಿಡಿಸಿದ್ದು.

"ಬಸ್ ಹೊಡಿಯೋದು ಹೊಟ್ಟಿಪಾಡಿಗ್ರಿ ಬಾಯಾರ," ಎಂದರು. "ಗುಡಿಯಾಗ ಕೂತಾಗ ಮಾತ್ರ ನಾನು ನಮ್ಮಪ್ಪನ ಮಗ. ಅಂವಾ ಕೂತ ಮಣಿ ಮ್ಯಾಲೆ ನಾನು ಕೂಡ್ತೀನಿ. ಅದೊಂದು ಹೋಗಬಾರದ್ರಿ."

ಆಯಿತು ಎಂದು ಒಪ್ಪಿಕೊಂಡೆ.

ನನ್ನ ಅಪ್ಪ ಗರಡಿಮನೆಗೆ ಲಂಗೋಟ ಹೊಲಿಯುತ್ತಿದ್ದವನು. ತೊಡೆಸಂದಿಯಲ್ಲಿ ಹೊಲಿಗೆ ಬಂದರೆ ಎಂಥ ಬಟ್ಟೆಯೂ ಗರಗಸವಾಗುತ್ತದೆ ಎಂಬುದು ಅವನಿಂದ ಕಲಿತ ಪಾಠ. ಆದ್ದರಿಂದ ಎರಡು ಕಾಲುಗಳ ನಡುವೆ ಗಾಳಿಪಟದ ಆಕಾರದ ಒಂದು ಬೇರೆ ತುಂಡು ಇಟ್ಟೆ. ಹೊಲಿಗೆ ಸಂದಿಯನ್ನು ಬಿಟ್ಟು ತೊಡೆಯ ಮುಂದಕ್ಕೂ ಹಿಂದಕ್ಕೂ ಸರಿಯಿತು. ಅಂಚುಗಳನ್ನು ಒಳಗೆ ಮಡಚಿ ಚಪ್ಪಟೆ ಮಾಡಿದೆ. ಎಲಾಸ್ಟಿಕ್ ಬೇಡವೆಂದು ಲಾಡಿ ಹಾಕಿದೆ. ರೇಷ್ಮೆ ಕತ್ತರಿಯ ಬಾಯಲ್ಲಿ ಜಾರುತ್ತದೆ, ಮಶೀನಿನ ಹಲ್ಲಿಗೆ ಸಿಕ್ಕರೆ ಎಳೆ ಎದ್ದು ಬರುತ್ತದೆ. ಕಾಗದ ಕೆಳಗಿಟ್ಟು ಹೊಲಿದು, ಆಮೇಲೆ ಕಾಗದ ಹರಿದು ತೆಗೆದೆ. ಮುಗಿದಾಗ ಎಷ್ಟು ಚಂದ ಕಂಡಿತೆಂದರೆ, ನನ್ನ ಮನೆಯವರು "ನನಗೂ ಒಂದು ಹೊಲಿ" ಎಂದರು. ಅವರ ಯೋಗ್ಯತೆಗೆ ಪಟ್ಟಾಪಟ್ಟಿಯೇ ಸಾಕು ಎಂದೆ.

ಗುಡಿಗೆ ಮೊದಲು ಬಸ್ಸಿನಲ್ಲಿ ಪರೀಕ್ಷೆಯಾಗಲಿ ಎಂದು ಡ್ರೈವರೇ ಹೇಳಿದರು. ಅವರ ರೂಟು ಬೈಲಹೊಂಗಲದಿಂದ ಸವದತ್ತಿ, ಅಲ್ಲಿಂದ ರಾಮದುರ್ಗ, ತಿರುಗಿ ಬೈಲಹೊಂಗಲ. ಇಂಜಿನ್ನಿನ ಕಾವು ಸೀಟಿನ ಕೆಳಗಿಂದಲೇ ಬರುತ್ತದೆ. ಅದೂ ಹುಣ್ಣಿಮೆ, ದೇವಿಯ ಗುಡ್ಡಕ್ಕೆಂದು ಉಗರಗೋಳಕ್ಕೆ ಹೋಗುವ ಜನ ಬಾಗಿಲಲ್ಲೂ ಜೋತಾಡುವ ದಿನ. ಹೋಗುವಾಗ ತಂಪಾಗಿತ್ತಂತೆ. ಬರುವಾಗ ರೇಷ್ಮೆ ಬೆವರು ಕುಡಿದು ಮೈಗೆ ಅಂಟಿಕೊಂಡಿತು, ಆಮೇಲೆ ಬೆವರಿನ ಉಪ್ಪಿಗೆ ಬಿರುಸಾಗಿ ತೊಡೆಯನ್ನು ತರಚಿತು. ರೇಷ್ಮೆ ಕೆಟ್ಟೀತೆಂದು ಹೆಂಡತಿ ಅದನ್ನು ತಣ್ಣೀರಿನಲ್ಲಿ ಹಗುರಾಗಿ ಅದ್ದಿ, ನೆರಳಲ್ಲಿ ಹಾಕಿ, ಮತ್ತೆ ಅದನ್ನೇ ಕೊಟ್ಟರು. ನಾಲ್ಕು ದಿನ ಕಳೆಯುವಷ್ಟರಲ್ಲಿ ಆರುತ್ತಿದ್ದ ಗಜಕರ್ಣ ಮತ್ತೆ ಕೆಂಪಾಯಿತು. ಡಾಕ್ಟರು ಸಿಟ್ಟಾಗಿ, ಒಳಬಟ್ಟೆಯನ್ನು ದಿನವೂ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು, ಇಲ್ಲದಿದ್ದರೆ ರೋಗ ಬಟ್ಟೆಯಲ್ಲೇ ಮನೆ ಮಾಡುತ್ತದೆ ಎಂದರು. ಬಿಸಿನೀರು, ಸೋಪು, ಬಿಸಿಲು ಮೂರೂ ರೇಷ್ಮೆಗೆ ವಿಷ. ಇತ್ತ ಕಾಕಾ ಫೋನಿನಲ್ಲೇ ಬೇರೆ ತಕರಾರು ತೆಗೆದರು. ಹೊಲಿದ ಬಟ್ಟೆ ಮಡಿಗೆ ಬರುವುದೇ ಇಲ್ಲವಂತೆ!

ಎರಡೂ ಕಡೆಯಿಂದ ಏಟು ಬಿದ್ದ ಮೇಲೆ, ಇನ್ನು ಆ ಹಿರಿಯರನ್ನು ಕಾಣದೆ ಕತ್ತರಿ ಹಿಡಿಯುವುದಿಲ್ಲ ಎಂದು ಡ್ರೈವರ ಹೆಂಡತಿಯನ್ನು ಕರೆದುಕೊಂಡು ಕಿತ್ತೂರಿಗೆ ಹೊರಟೆ. ಕಾಕಾ ಅಲ್ಲಿ ನಿವೃತ್ತ ಸಂಸ್ಕೃತ ಮಾಸ್ತರು. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಕಟ್ಟೆಯ ಮೇಲೆ ಕೂಡಿಸಿ, ಮಜ್ಜಿಗೆ ಕೊಡಿಸಿ, "ಹೇಳ್ರಿ" ಎಂದು ಎದುರಿಗೆ ಕೂತರು.

"ನಾನು ಓದಿದಾಕಿ ಅಲ್ಲರಿ," ಎಂದೆ. "ಒಂದ ಮಾತು ಕೇಳತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ದೇವರಿಗೆ ರೇಷ್ಮಿ ಬೇಕೋ, ಪೂಜಾ ಮಾಡಾಂವ ಬೇಕೋ?"

ಡ್ರೈವರ ಹೆಂಡತಿ ನನ್ನ ಸೆರಗು ಜಗ್ಗಿದರು. ಕಾಕಾ ಮಾತ್ರ ನಕ್ಕರು.

"ಪಾಳಿ ಕಸಗೊಂಡು ನಾ ಏನು ಮಾಡ್ಲಿ ತಾಯಿ? ಅವನ ಮನಿ ಬಿಟ್ರ ಪಾಳಿ ನನ್ನ ಮನಿಗೇ ಬರ್ತದ, ನನಗ ಮಂಡಿ ನೋವು. ಆದ್ರ ದೇವರ ತಲಿ ಮ್ಯಾಲೆ ನೀರು ಹಾಕ್ಕೋತ ನಡುವ ಬಿಟ್ಟು ಓಡೂದು ಬರೂದಿಲ್ಲ."

"ಹಂಗಾರ ಹತ್ತಿದು ಉಟ್ಟು ಕುಂಡ್ರಲಿ ಬಿಡ್ರಿ."

"ಉಡಬ್ಯಾಡ ಅಂತ ಯಾರಂದ್ರು?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಕಾಕಾ ಮಜ್ಜಿಗೆಯ ಲೋಟ ಕೆಳಗಿಟ್ಟು ನಿಧಾನವಾಗಿ ಹೇಳಿದರು: "ಒಗದ ಹತ್ತಿನೇ ಖರೇ ಮಡಿ. ರೇಷ್ಮಿ ನಾವು ಹಿಡದದ್ದು ಸಸಾರ ಅಂತ. ಒಗಿಯೋದು ತಪ್ಪತದ, ಹಿಂಡೋದು ತಪ್ಪತದ. ನಮ್ಮ ಅಜ್ಜ ಚಳಿಗಾಲದಾಗೂ ಹತ್ತಿದು ಒಗದು ಉಡತಿದ್ದ. ನನ್ನ ಕಾಲಕ್ಕ ಆಳಸ ಬಂತು, ಆಳಸನೇ ಪದ್ಧತಿ ಆತು. ದಿನಾ ಬಿಸಿನೀರಾಗ ಒಗದು ಬಿಸಲಿಗೆ ಹಾಕಲಿ. ಡಾಕ್ಟರ್ ಅಂದದ್ದೂ ಅದ, ಶಾಸ್ತ್ರ ಅಂದದ್ದೂ ಅದ. ಸೂಜಿ ಮಾತ್ರ ಮುಟ್ಟಿರಬಾರದು ನೋಡ್ರಿ."

ತೊಳೆಯದ ರೇಷ್ಮೆಯಲ್ಲೇ ಗಜಕರ್ಣ ಇಷ್ಟು ದಿನ ಬೆಚ್ಚಗೆ ಕೂತಿತ್ತು ಎಂಬುದು ಆಗ ಮೂವರಿಗೂ ಒಟ್ಟಿಗೇ ಹೊಳೆಯಿತು. ಡ್ರೈವರ ಹೆಂಡತಿ ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತರು. ಇಷ್ಟು ದಿನ ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ, ಸುಮ್ಮನೆ ಉರಿ ತಿಂದರು ನಮ್ಮವರು ಎಂದು ಅಳು. ರೇಷ್ಮೆಯ ಮಾತು ಅಲ್ಲಿಗೆ ಮುಗಿಯಿತು. ಹತ್ತಿಯೇ ಎಂದು ಗಟ್ಟಿ ಮಾಡಿಕೊಂಡು ಬಸ್ಸು ಹತ್ತಿದೆವು. ದಾರಿಯಲ್ಲಿ ಮಾತ್ರ ನನಗೆ ಇನ್ನೊಂದು ದಿಗಿಲು ಶುರುವಾಯಿತು. ಜನ್ಮವಿಡೀ ಸೂಜಿ ಹಿಡಿದವಳಿಗೆ ಸೂಜಿಯಿಲ್ಲದೆ ಚಡ್ಡಿ ಮಾಡು ಎಂದರೆ ಏನು ಮಾಡಲಿ?

ಲಂಗೋಟಿಯ ಪಟ್ಟಿ ಈ ರೋಗಕ್ಕೆ ಒಗ್ಗುವುದಿಲ್ಲ. ಅದು ಮುದುಡಿಕೊಂಡು ಹೋಗಿ ಸಂದಿಯಲ್ಲೇ ಕೂಡುತ್ತದೆ. ತೊಡೆಗೂ ತೊಡೆಗೂ ನಡುವೆ ಬಟ್ಟೆ ಹರವಿಕೊಂಡು ಕೂಡಬೇಕು. ಹಾಗಾದರೆ ಸಣ್ಣ ಕಚ್ಚೆಯೇ ದಾರಿ: ಗಿಡ್ಡನೆಯ ಒಂದು ಬಟ್ಟೆ, ಸೊಂಟಕ್ಕೆ ಸುತ್ತಿ, ಒಂದೊಂದು ತೊಡೆಯನ್ನು ಬಳಸಿ, ಹಿಂದೆ ಸಿಕ್ಕಿಸುವುದು. ತೆಳ್ಳನೆಯ ಹತ್ತಿಯ ಮಲ್ ಬಟ್ಟೆ ತಂದು ಉದ್ದಕ್ಕೆ ಹರಿದೆ. ಉಟ್ಟು ತೋರಿಸಲು ನನ್ನ ಮನೆಯವರನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಪೈಜಾಮದ ಮೇಲೆಯೇ ನಿಲ್ಲಿಸಿಕೊಂಡೆ.

"ಈ ವಯಸ್ಸಿನಾಗ ನನ್ನ ಪೈಲ್ವಾನ ಮಾಡ್ತಿ ಏನ?" ಎಂದು ಗೊಣಗಿದರು.

"ಸುಮ್ನ ನಿಂದರ್ರಿ. ಗೊಂಬಿ ಮಾತಾಡೂದಿಲ್ಲ," ಎಂದೆ.

ಅಪ್ಪ ಲಂಗೋಟ ಕಟ್ಟುವುದನ್ನು ಕಂಡ ನೆನಪಿನಿಂದ ಸುತ್ತುವ ಬಗೆಯೇನೋ ಕೂಡಿಬಂತು. ಎಡ ತೊಡೆಯಿಂದ ಶುರು ಮಾಡಿ, ಬಟ್ಟೆಯನ್ನು ಹಿಂದಕ್ಕೆ ಎಳೆಯುವ ಮೊದಲು ಒಮ್ಮೆ ಮಂಡಿ ಬಗ್ಗಿಸಿ ಸಡಿಲ ಬಿಟ್ಟುಕೊಳ್ಳಬೇಕು. ಆಗ ಕೂತರೂ ಬಿಗಿಯುವುದಿಲ್ಲ. ಕೆಟ್ಟದ್ದು ಅಂಚು. ಡ್ರೈವರು ಅದನ್ನು ಉಟ್ಟು ಬಸ್ಸು ಹೊಡೆದಾಗ, ಮಡಚಿ ಹೊಲಿಯದ ಹರಿದ ಅಂಚಿನಿಂದ ಎಳೆಗಳು ಬಿಚ್ಚಿಕೊಂಡು, ಬೆವರಿಗೆ ಹೊಸೆದುಕೊಂಡು ದಾರವಾದವು. ಆ ದಾರ ತೊಡೆಯನ್ನು ಕೊಯ್ದಿತು. ಡ್ರೈವರು ಸವದತ್ತಿಯ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲಿಸಿ ಅದನ್ನು ಬಿಚ್ಚಿಟ್ಟು ಬಂದರಂತೆ. ಫೋನಿನಲ್ಲಿ ಹೇಳುವಾಗ ನಗಲು ನೋಡಿದರು, ಆಗಲಿಲ್ಲ. ವೈಶಾಖ ಹತ್ತಿರ ಬರುತ್ತಿತ್ತು. ನನಗೆ ಅನ್ನ ಸೇರದಾಯಿತು.

ಎರಡೂ ಕಡೆ ಮಗ್ಗದಲ್ಲೇ ಮುಗಿದ ಅಂಚು ಬೇಕು. ಅಂಗಡಿಯ ಧೋತರಗಳು ಅಗಲ ಜಾಸ್ತಿ, ಟವೆಲ್ಲುಗಳು ದಪ್ಪ. ಹಾಗಾಗಿ ಡ್ರೈವರ ಬಸ್ಸಿನಲ್ಲೇ ರಾಮದುರ್ಗಕ್ಕೆ ಹೋದೆ. ಅಲ್ಲಿ ನನಗೆ ಪರಿಚಯದ ನೇಕಾರರೊಬ್ಬರು ಕೈಮಗ್ಗದಲ್ಲಿ ಇನ್ನೂ ಸೀರೆ ನೇಯುತ್ತಾರೆ.

"ಚಡ್ಡಿಗೆ ಮಗ್ಗ ಹೂಡಬೇಕೇನ್ರಿ ಅಕ್ಕಾ? ಏನ್ ಕಾಲ ಬಂತು!" ಎಂದು ಅವರು ಮಗ್ಗದ ಕುಣಿಯಿಂದಲೇ ನಕ್ಕರು.

ಡ್ರೈವರು ಪಕ್ಕದಲ್ಲೇ ನಿಂತಿದ್ದರು. "ನನಗರಿ," ಎಂದರು. ತೊಡೆಯ ಉರಿಯನ್ನೂ ಗುಡಿಯ ಪಾಳಿಯನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ನೇಕಾರರ ನಗು ಅಲ್ಲಿಗೆ ನಿಂತಿತು.

ಮಗ್ಗದಲ್ಲಿ ಒಂದು ಸೀರೆಯ ಹಾಸು, ಅಂದರೆ ಉದ್ದದ ಎಳೆ, ಮುಗಿಯುವುದರಲ್ಲಿತ್ತು. ಉಳಿದ ನೂಲಿನಲ್ಲಿ ಎರಡೂ ಬದಿಯ ಎಳೆಗಳನ್ನು ಬಿಟ್ಟು ನಡುವಿನ ಭಾಗವನ್ನಷ್ಟೇ ಎಳೆ ಹಿಡಿಯುವ ಬಾಚಣಿಗೆಯಂಥ ಹಣಿಗೆಯಲ್ಲಿ ಉಳಿಸಿಕೊಂಡರೆ ಅಗಲ ಕಿರಿದಾಗುತ್ತದೆ, ಅಂಚು ತಾನೇ ಕೂಡುತ್ತದೆ ಎಂದರು. ಅಡ್ಡ ಎಳೆಗೆ ಹೊಸೆತ ಕಡಿಮೆಯ ಮೆತ್ತನೆಯ ನೂಲು ಹಾಕಿ, ಗಾಳಿಯಾಡಲಿ ಎಂದು ಬಿಗಿಯಾಗಿ ಬಡಿಯದೆ ನೇಯ್ದರು. ಒಂದು ತುಂಡಿಗೂ ಇನ್ನೊಂದಕ್ಕೂ ನಡುವೆ ಗೇಣುದ್ದ ನೂಲನ್ನು ನೇಯದೆ ಬಿಟ್ಟರು. ಮನೆಗೆ ತಂದು ಗಂಜಿ ಹೋಗುವ ತನಕ ನೆನೆಸಿ, ಕಲ್ಲಿಗೆ ಬಡಿದು, ಒಣಗಿಸಿ, ಮತ್ತೆ ನೆನೆಸಿದೆ. ಕೊನೆಗೆ ಕೂಸಿನ ಅಂಗಿಯಷ್ಟು ಮೆತ್ತಗಾಯಿತು. ಸುತ್ತುವ ಬಗೆಯನ್ನು ಡ್ರೈವರ ಹೆಂಡತಿಗೆ ನನ್ನ ಗೊಂಬೆಯ ಮೇಲೆ ತೋರಿಸಿಕೊಟ್ಟೆ, ಅವರು ಮನೆಯಲ್ಲಿ ಗಂಡನಿಗೆ ಕಲಿಸಿದರು.

ಈ ಸಲ ಬಸ್ಸು ರಾಮದುರ್ಗ ಮುಟ್ಟಿ ತಿರುಗಿ ಬರುವ ತನಕ ಫೋನು ಬರಲಿಲ್ಲ. ನಾನೇ ಮಾಡಿದೆ.

"ಏನಾತ್ರಿ?"

"ಏನೂ ಆಗಿಲ್ರಿ. ಅದಕ್ಕ ಮಾಡಿಲ್ಲ," ಎಂದರು.

ದಿನವೂ ಒಂದು ಒಗೆತ, ದಿನವೂ ಬಿಸಿಲು. ಮುಲಾಮು ತನ್ನ ಕೆಲಸ ಮಾಡತೊಡಗಿತು, ಕೆಂಪು ಕಂದಿತು, ಡ್ರೈವರು ಕಾಲು ಕೂಡಿಸಿ ನಡೆಯತೊಡಗಿದರು. ನನಗೂ ಅನ್ನ ರುಚಿಸತೊಡಗಿತು. ಗುಡಿಯ ಪಾಳಿಗೆಂದು ಬೇರೆ ತುಂಡುಗಳನ್ನು ತಯಾರು ಮಾಡಿ, ಮಡಚಿ, ಊರಿಗೆ ಕಳಿಸಿಕೊಟ್ಟೆ.

ಪಾಳಿಯ ಹಿಂದಿನ ದಿನ ಬೆಳಿಗ್ಗೆ ಡ್ರೈವರ ಹೆಂಡತಿಯ ಫೋನು ಬಂತು. "ಬಾಯಾರ, ಕಾಕಾ ಎಲ್ಲಾ ಬಾಜೂಕ್ಕ ಇಟ್ಟಾರ್ರಿ. ಸೂಜಿ ಮುಟ್ಟೇದ ಅಂತಾರ!"

"ಎಲ್ಲಿ ಮುಟ್ಟೇತ್ರಿ? ಆಣಿ ಮಾಡತೇನಿ—" ಎಂದವಳು ಅಲ್ಲಿಗೇ ನಿಂತೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ನೇಯದೆ ಬಿಟ್ಟ ನೂಲಿನ ತುದಿ ಬಿಚ್ಚಿಕೊಳ್ಳದಿರಲಿ ಎಂದು ಮೂಲೆ ಮೂಲೆಗೂ ಒಂದೊಂದು ಸಣ್ಣ ಹೊಲಿಗೆಯ ಟಾಕಿ ಹಾಕಿದ್ದೆ. ನನಗೆ ಹಾಕಿದ್ದು ಗೊತ್ತಿರಲೇ ಇಲ್ಲ. ಕೈ ತಾನೇ ಸೂಜಿ ತೆಗೆದುಕೊಂಡು, ಹಾಕಿ, ದಾರ ಹಲ್ಲಲ್ಲಿ ಕಡಿದು, ಸೂಜಿಯನ್ನು ಕುಪ್ಪಸಕ್ಕೆ ಚುಚ್ಚಿಕೊಂಡಿತ್ತು.

ಅಂಗಡಿಗೆ ಬೀಗ ಹಾಕಿ ಸಿಕ್ಕ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಕೈಯನ್ನೇ ಬೈದುಕೊಂಡೆ. ಗುಡಿಯ ಪಕ್ಕದ ಮನೆಯ ಪಡಸಾಲೆಯಲ್ಲಿ ಕಾಕಾ ಬಟ್ಟೆಗಳನ್ನು ಚಾಪೆಯ ಮೇಲೆ ಸಾಲಾಗಿಟ್ಟು ಕೂತಿದ್ದರು. ಡ್ರೈವರು ಕಂಬಕ್ಕೆ ಒರಗಿ ನಿಂತಿದ್ದರು, ಮುಖದಲ್ಲಿ ಜೀವವಿರಲಿಲ್ಲ. ನನ್ನನ್ನು ಕಂಡು ಕುಡಿಯಲು ನೀರು ತಂದುಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

"ಬಿಚ್ಚಿದ್ರ ನಡೀತದೇನ್ರಿ?" ಎಂದು ಕೇಳಿದೆ.

"ಬಿಚ್ಚಿ ಒಗದ್ರ ನಡೀತದ. ಆದ್ರ ತುದಿ ಬಿಚ್ಚಿಕೊಂಡು ಹೋದ್ರ?" ಎಂದರು ಕಾಕಾ.

ಟಾಕಿಗಳನ್ನು ಒಂದೊಂದಾಗಿ ಬಿಚ್ಚಿದೆ. ಬಿಚ್ಚುವಾಗ ನೂಲಿನ ತುದಿಗಳು ಬೆರಳಿಗೆ ಸುತ್ತಿಕೊಂಡವು. ಸೆರಗಿಗೆ ಕುಚ್ಚು ಕಟ್ಟುವ ಕೆಲಸ ನಮ್ಮ ಕಡೆಯ ಯಾವ ಹೆಂಗಸಿಗೆ ಬರುವುದಿಲ್ಲ? ನಾಲ್ಕೆಂಟು ಎಳೆ ಹಿಡಿದು ತೊಡೆಯ ಮೇಲೆ ಹೊಸೆದೆ, ಎರಡು ಹುರಿ ಸೇರಿಸಿ ಗಂಟು ಹಾಕಿದೆ. ಸೂಜಿಯಿಲ್ಲ, ಬಿಚ್ಚುವ ಭಯವೂ ಇಲ್ಲ. ಡ್ರೈವರ ಹೆಂಡತಿ ನನ್ನ ಪಕ್ಕ ಕೂತು ಇನ್ನೊಂದು ತುದಿ ಹಿಡಿದರು. ಸ್ವಲ್ಪ ಹೊತ್ತು ನೋಡುತ್ತಿದ್ದ ಕಾಕಾನ ಹೆಂಡತಿಯೂ ಬಂದು ಕೂತು, "ಗಂಡಸರ ಚಡ್ಡಿಗೆ ಕುಚ್ಚು ಕಟ್ಟೋ ದಿವಸಾನೂ ಬಂತು ನೋಡವಾ" ಎಂದಾಗ ಎಲ್ಲರಿಗೂ ನಗು ತಡೆಯಲಾಗಲಿಲ್ಲ. ಡ್ರೈವರೂ ನಕ್ಕರು. ಊಟದ ಹೊತ್ತಿಗೆಲ್ಲ ಕೆಲಸ ಮುಗಿಯಿತು. ನಾನು ಮುಟ್ಟಿದ್ದರಿಂದ ಒಗೆಯಲೇಬೇಕು ಎಂಬುದು ಅವರ ಲೆಕ್ಕ. ಮನಸ್ಸಿಗೆ ಸ್ವಲ್ಪ ಚುಚ್ಚಿತು, ಸುಳ್ಳೇಕೆ ಹೇಳಲಿ. ಆದರೆ ಹತ್ತು ಕೈ ಆಡಿದ ಬಟ್ಟೆಯನ್ನು ಒಗೆಯದೆ ಆ ತೊಡೆಗೆ ಸುತ್ತಬಾರದು ಎಂಬುದು ನನ್ನ ಲೆಕ್ಕವೂ ಆಗಿತ್ತು. ಬಿಸಿನೀರಿನಿಂದ ತೆಗೆದು ಮಾಳಿಗೆಯ ಮೇಲೆ ಹರವಿದರು. ವೈಶಾಖದ ಬಿಸಿಲು ಅವುಗಳನ್ನು ನೋಡನೋಡುತ್ತ ಒಣಗಿಸಿತು.

ಪಾಳಿಯ ಕಡೆಯ ದಿನ ನಾನೂ ನನ್ನ ಮನೆಯವರೂ ಗುಡಿಗೆ ಹೋದೆವು. ಅಂದು ಅಭಿಷೇಕ ದೊಡ್ಡದು. ಒಳಗೆ ಗಾಳಿಯಿಲ್ಲ, ದೀಪಗಳ ಕಾವು ಬೇರೆ. ಕಂಬದ ಹತ್ತಿರ ನಿಂತರೆ ಡ್ರೈವರ ಬೆನ್ನು, ಮಡಚಿದ ಒಂದು ಮೊಣಕಾಲು ಮಾತ್ರ ಕಾಣುತ್ತಿತ್ತು. ರೇಷ್ಮೆಯ ಪಂಚೆ ಬೆವರಿಗೆ ತೊಯ್ದು ಕಪ್ಪಾಗಿತ್ತು. ನನ್ನ ಕಣ್ಣು ಆ ಮೊಣಕಾಲಿನ ಮೇಲೆ. ಹಿಂದೆ ಕೂತಿದ್ದ ಊರಿನ ಜನರೂ ಅಭಿಷೇಕಕ್ಕಿಂತ ಹೆಚ್ಚಾಗಿ ಅದನ್ನೇ ನೋಡುತ್ತಿದ್ದರು ಎಂದು ನನ್ನ ಗುಮಾನಿ. ಹಾಲಾಯಿತು, ಮೊಸರಾಯಿತು, ಜೇನಾಯಿತು. ಅವರು ಏಳಲಿಲ್ಲ. ಕಡೆಯ ಕೊಡದ ನೀರು ದೇವರ ಮೇಲಿಂದ ಇಳಿದು, ಅಲಂಕಾರವಾಗಿ, ಮಂಗಳಾರತಿಯ ಗಂಟೆ ನಿಂತಾಗ ಡ್ರೈವರ ಹೆಂಡತಿ ನನ್ನ ಮುಂಗೈಯನ್ನು ಬಳೆ ಒಡೆಯುವಷ್ಟು ಬಿಗಿಯಾಗಿ ಹಿಡಿದಿದ್ದರು.

ಎಲ್ಲರೂ ಎದ್ದು ನಿಂತರು. ಡ್ರೈವರು ಮಾತ್ರ ಮಣೆಯ ಮೇಲೆ ಹಾಗೇ ಕೂತಿದ್ದರು. ಜನರಲ್ಲಿ ಗುಸುಗುಸು ಎದ್ದಿತು. ಏಳಲು ಆಗುತ್ತಿಲ್ಲವೇನೋ ಎಂದು ನಾನು ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದೆ. ಕಾಕಾ ಬಾಗಿ ಅವರ ಹೆಗಲ ಮೇಲೆ ಕೈಯಿಟ್ಟರು.

"ಮುಗೀತಲ್ಲೋ. ಏಳು. ಯಾಕ, ನೋಯಲಿಕತ್ತದ ಏನು?"

"ಇಲ್ಲ ಕಾಕಾ, ನೋವಿಲ್ಲ," ಎಂದರು ಡ್ರೈವರು. ತಿರುಗಿ ನೋಡಿದ ಆ ಮುಖದಲ್ಲಿ ಕಣ್ಣೀರು ಇಳಿಯುತ್ತಿತ್ತು. "ಅದಕ್ಕ ಇನ್ನೊಂದೀಟು ಕೂಡ್ತೀನಿ."

ಕಾಕಾ ಮಂಡಿಯ ಮೇಲೆ ಕೈಯೂರಿ, ನರಳುತ್ತ, ತಾವೂ ಅವರ ಪಕ್ಕದಲ್ಲಿ ಬರೀ ನೆಲದ ಮೇಲೆ ಕೂತುಕೊಂಡರು.